ಪಂಚಹೌದದ ಬಟ್ಟಲು: ಪುಣೆಯ ಒಂದು ಆಂಗ್ಲಿಕನ್ ಸಭೆಯ ಇತಿಹಾಸದಿಂದ

೧

ಪುಣೆಯಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಶನಿವಾರವಾಡೆ, ಪರ್ವತಿ, ಫರ್ಗ್ಯುಸನ್ ಕಾಲೇಜುಗಳು ಸುಪರಿಚಿತ. ಕ್ರಿ.ಶ. ೭೫೮ ಮತ್ತು ೭೬೮ರ ರಾಷ್ಟ್ರಕೂಟರ ತಾಮ್ರಶಾಸನಗಳಲ್ಲಿ ಈ ಪ್ರದೇಶವು ‘ಪುಣ್ಯವಿಷಯ’, ‘ಪೂನಕವಿಷಯ’ ಎಂಬ ಹೆಸರುಗಳಿಂದ ಉಕ್ತವಾಗಿರುವುದನ್ನು ಅಭಿಮಾನದಿಂದ ನೆನೆಯುತ್ತೇವೆ. ಬೇಂದ್ರೆಯವರು ಇಲ್ಲಿ ವಿದ್ಯಾರ್ಥಿಯಾಗಿದ್ದರೆಂಬುದನ್ನು ಅತಿಥಿಗಳಿಗೆ ಹೇಳಲು ಮರೆಯುವುದಿಲ್ಲ. ಆದರೆ ಹಳೆಯ ಊರಿನ ಗುರುವಾರ ಪೇಟೆಯ ಇಕ್ಕಟ್ಟಾದ ಬೀದಿಗಳ ನಡುವೆ ಎದ್ದು ನಿಂತ ಇಟಾಲಿಯನ್ ಮಾದರಿಯ ಗಂಟೆಗೋಪುರವನ್ನು ದೂರದಿಂದ ಕಂಡವರು ಎಷ್ಟೋ ಮಂದಿ. ಅದರ ಬಾಗಿಲನ್ನು ದಾಟಿದವರು ಕೆಲವರು. ಪ್ರಸ್ತುತ ಲೇಖನ ಆ ಬಾಗಿಲಿನ ಕುರಿತದ್ದು.

ಈ ದೇವಾಲಯದ ಹೆಸರು ‘ಪವಿತ್ರ ನಾಮ ದೇವಾಲಯ’. ಜನರ ಬಾಯಲ್ಲಿ ಮಾತ್ರ ಅದು ‘ಪಂಚಹೌದ’. ಹದಿನೆಂಟನೆಯ ಶತಮಾನದ ನಡುವಿನಲ್ಲಿ ನಾನಾಸಾಹೇಬ ಪೇಶವೆಯ ಆಳ್ವಿಕೆಯಲ್ಲಿ ಕಾತ್ರಜದ ಕೆರೆಯ ನೀರನ್ನು ನೆಲದೊಳಗಿನ ಕಾಲುವೆಗಳ ಮೂಲಕ ಪಟ್ಟಣಕ್ಕೆ ತಂದು ಅಲ್ಲಲ್ಲಿ ಹೌದಗಳಲ್ಲಿ ತುಂಬಿಸುವ ವ್ಯವಸ್ಥೆ ನಡೆಯಿತು. ‘ಹೌದ’ ಎಂಬ ಮಾತನ್ನು ನಮ್ಮ ವಿಜಾಪುರ, ಧಾರವಾಡ ಸೀಮೆಗಳವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಆದಿಲಶಾಹಿಯ ಕಾಲದಿಂದಲೂ ಅದು ನಮ್ಮ ಮಾತೂ ಆಗಿದೆ. ಐದು ಹೌದಗಳಿದ್ದ ಸ್ಥಳವೇ ಪಂಚಹೌದವಾಯಿತು. ನೀರಿನ ಹೆಸರನ್ನು ಹೊತ್ತ ಈ ಸ್ಥಳದ ಚರಿತ್ರೆಯಲ್ಲಿ, ಯಾರು ಯಾರ ಕೈಯಿಂದ ಏನನ್ನು ಕುಡಿಯಬಹುದು ಎಂಬ ಪ್ರಶ್ನೆಯೇ ಮತ್ತೆ ಮತ್ತೆ ಎದುರಾಗುವುದು ಗಮನಾರ್ಹವಾಗಿದೆ.

ಉದ್ಯೋಗದ ವರ್ಗಾವಣೆಯಿಂದ ಈ ನಗರಕ್ಕೆ ಬಂದ ಮೊದಲ ವರ್ಷದ ಡಿಸೆಂಬರಿನಲ್ಲಿ ನನ್ನ ಮರಾಠಿ ಕ್ರೈಸ್ತ ಸಹೋದ್ಯೋಗಿಯೊಬ್ಬರು ನನ್ನನ್ನು ಅಲ್ಲಿಗೆ ಕರೆದೊಯ್ದರು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಎಲ್ಲರಿಗೂ ಚಹಾ ಕೊಟ್ಟರು. ಕೈಯಲ್ಲಿ ಬಟ್ಟಲು ಹಿಡಿದು ನಿಂತಾಗ ಸಹೋದ್ಯೋಗಿ ನಗುತ್ತ, “ರಾವ್‌ಸಾಹೇಬ, ಇದು ಪಂಚಹೌದದ ಚಹಾ, ಗೊತ್ತಿದೆಯಲ್ಲವೆ?” ಎಂದರು. ಆ ನಗೆಯ ಹಿನ್ನೆಲೆಯನ್ನು ಅರಿಯಲು ಹೊರಟುದರ ಫಲವೇ ಈ ಬರಹ.

೨

ಪುಣೆಯ ಆಂಗ್ಲಿಕನ್ ದೇವಾಲಯಗಳನ್ನು ಎರಡು ಬಗೆಯಾಗಿ ನೋಡಬೇಕು. ೧೮೧೭ರ ಖಡಕಿಯ ಯುದ್ಧದ ಬಳಿಕ, ೧೮೧೮ರಲ್ಲಿ ಪೇಶವೆಯ ಆಳ್ವಿಕೆ ಕೊನೆಗೊಂಡಾಗ, ಊರಿನ ಪೂರ್ವಕ್ಕೆ ದಂಡು ಬೆಳೆಯಿತು. ದಂಡಿನ ಸೈನಿಕರಿಗಾಗಿ ಕಟ್ಟಿದ ಸೇಂಟ್ ಮೇರಿ ದೇವಾಲಯವನ್ನು ೧೮೨೫ರಲ್ಲಿ ಕಲಕತ್ತೆಯ ಬಿಷಪ್ ರೆಜಿನಾಲ್ಡ್ ಹೀಬರ್ ಪ್ರತಿಷ್ಠಾಪಿಸಿದನು. ಪ್ಯಾರಿಸ್ಸಿನ ಸಾಂತ್ ಶಪೆಲ್ಲಿನ ಮಾದರಿಯದೆಂದು ಹೇಳಲಾಗುವ ಸೇಂಟ್ ಪಾಲ್ ದೇವಾಲಯ ೧೮೬೦ರ ದಶಕದ್ದು. ಇವೆರಡೂ ಆಳುವವರ ಪೂಜಾಸ್ಥಾನಗಳು. ಗೋಡೆಯ ಮೇಲಿನ ಸ್ಮಾರಕಫಲಕಗಳನ್ನು ಓದಿದರೆ ದಂಡಿನ ಚರಿತ್ರೆಯೇ ಕಾಣುತ್ತದೆ.

ಬಿಷಪ್ ಹೀಬರನ ಹೆಸರನ್ನು ಇಲ್ಲಿ ಸುಮ್ಮನೆ ತಂದುದಲ್ಲ. ಪುಣೆಯ ಪ್ರತಿಷ್ಠಾಪನೆ ಮುಗಿಸಿದ ಮರುವರ್ಷ ಆತನು ತಂಜಾವೂರು, ತಿರುಚಿನಾಪಳ್ಳಿಗಳಿಗೆ ಹೋದನು. ಅಲ್ಲಿನ ಕ್ರೈಸ್ತಸಭೆಗಳಲ್ಲಿ ಜಾತಿಗೊಂದು ಆಸನಪಂಕ್ತಿ. ಪ್ರಭುಭೋಜನದ ಪಾತ್ರೆಯನ್ನು ಮೇಲುಜಾತಿಯವರು ಮೊದಲು ಮುಟ್ಟಬೇಕು, ಉಳಿದವರು ಆಮೇಲೆ. ಇದನ್ನು ಸಾಮಾಜಿಕ ಭೇದವೆಂದು ಒಂದಿಷ್ಟು ಸಹಿಸಿಕೊಳ್ಳಬಹುದೇ ಎಂಬುದು ಆತನ ಮುಂದಿದ್ದ ಪ್ರಶ್ನೆ. ಆತನ ಒಲವು ಸಹನೆಯ ಕಡೆಗೆ ಇತ್ತು. ೧೮೨೬ರ ಏಪ್ರಿಲ್ ೩ರಂದು ತಿರುಚಿನಾಪಳ್ಳಿಯಲ್ಲಿಯೇ ಆತನು ತೀರಿಕೊಂಡನು. ಮುಂದೆ ೧೮೩೩ರಲ್ಲಿ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿಭೇದ ಕೂಡದೆಂದು ಖಂಡತುಂಡವಾಗಿ ಆಜ್ಞಾಪಿಸಿದಾಗ ಅನೇಕರು ಸಭೆಯನ್ನೇ ತೊರೆದರು. ಅಂದರೆ, ಒಂದೇ ಬಟ್ಟಲಿನಿಂದ ಕುಡಿಯುವ ಪ್ರಶ್ನೆ ಹಿಂದೂ ಸಮಾಜದ ಅಂಗಳಕ್ಕೆ ಬರುವುದಕ್ಕೆ ಮುನ್ನವೇ ಚರ್ಚಿನ ಗರ್ಭಗುಡಿಯೊಳಗೆ ಎದ್ದಿತ್ತು. ಚಹಾ ಕುಡಿದವರನ್ನು ನೋಡಿ ನಗುವ ಮುನ್ನ ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

೩

ಪಂಚಹೌದದ ದೇವಾಲಯವು ದಂಡಿನ ದೇವಾಲಯಗಳಿಂದ ಎಲ್ಲ ರೀತಿಯಲ್ಲಿಯೂ ಭಿನ್ನವಾಗಿತ್ತು. ಆಕ್ಸ್‌ಫರ್ಡಿನ ಬಳಿಯ ಕೌಲಿಯಲ್ಲಿ ರಿಚರ್ಡ್ ಮ್ಯೂ ಬೆನ್ಸನ್ ೧೮೬೬ರಲ್ಲಿ ಸ್ಥಾಪಿಸಿದ ಸಂತ ಯೋಹಾನನ ಸಂಘದ ಸನ್ಯಾಸಿಗಳು ೧೮೭೪ರಲ್ಲಿ ಮುಂಬಯಿ ಪ್ರಾಂತಕ್ಕೆ ಬಂದರು. ವಾಂಟೇಜ್ ಎಂಬ ಊರಿನ ಸಂತ ಮೇರಿ ಕನ್ಯಾಸಂಘದ ಸೋದರಿಯರು ಅದೇ ದಶಕದ ಕೊನೆಯ ವೇಳೆಗೆ ಪುಣೆಯಲ್ಲಿದ್ದರು. ಇವರು ನೆಲೆಯೂರಿದುದು ದಂಡಿನಲ್ಲಿ ಅಲ್ಲ, ಪೇಟೆಯಲ್ಲಿ. ೧೮೮೫ರಲ್ಲಿ ಪ್ರತಿಷ್ಠಾಪಿತವಾದ ದೇವಾಲಯದಲ್ಲಿ ಆರಾಧನೆ ಮರಾಠಿಯಲ್ಲಿ ನಡೆಯಿತು. ಅದರ ಸುತ್ತ ಶಾಲೆಗಳು, ವಸತಿಗೃಹಗಳು ಎದ್ದು, ಒಂದು ವಾಡೆಯಂತಹ ಸಮುದಾಯ ರೂಪುಗೊಂಡಿತು. ಈ ಸಂಘದ ಫಾದರ್ ಎಡ್ವರ್ಡ್ ಎಲ್ವಿನ್ ಪುಣೆಯ ತನ್ನ ಅನುಭವಗಳನ್ನು ೧೯೦೭ರಲ್ಲಿ ‘ಇಂಡಿಯನ್ ಜಾಟಿಂಗ್ಸ್’ ಎಂಬ ಪುಸ್ತಕದಲ್ಲಿ ಬರೆದಿಟ್ಟನು. ಮುಂದೆ ಬರುವ ವೆರಿಯರ್ ಎಲ್ವಿನ್ ಬೇರೆ, ಈತನು ಬೇರೆ.

ಕೌಲಿಯ ಪಾದ್ರಿಗಳು ಆಂಗ್ಲಿಕನ್ ಪಂಥದಲ್ಲಿ ಹಳೆಯ ಕರ್ಮಕಾಂಡವನ್ನು ಪುನರುಜ್ಜೀವಿಸಿದ ಗುಂಪಿಗೆ ಸೇರಿದವರು. ಧೂಪ, ದೀಪ, ಮೆರವಣಿಗೆ, ಉಪವಾಸ, ಋತುಮಾನಕ್ಕೆ ತಕ್ಕ ಬಣ್ಣದ ವಸ್ತ್ರ, ಇವೆಲ್ಲ ಅವರ ಆರಾಧನೆಯ ಅಂಗಗಳು. ಬೋಧನೆಯನ್ನೇ ಮುಖ್ಯವಾಗಿ ಇಟ್ಟುಕೊಂಡ ಬಾಸೆಲ್ ಮಿಷನ್ನಿನ ಸರಳ ಪ್ರಾರ್ಥನಾಮಂದಿರಗಳನ್ನು ಮಂಗಳೂರು, ಧಾರವಾಡ, ಹುಬ್ಬಳ್ಳಿಗಳಲ್ಲಿ ಕಂಡ ಕನ್ನಡಿಗನಿಗೆ ಇಲ್ಲಿಯ ವಾತಾವರಣ ದೇವಸ್ಥಾನದ ಉತ್ಸವವನ್ನೇ ನೆನಪಿಗೆ ತರುತ್ತದೆ. ವರ್ಷವೆಂಬುದು ಇಲ್ಲಿ ಆಗಮನಕಾಲದ ನಿರೀಕ್ಷೆಯಿಂದ ಮೊದಲಾಗಿ, ಕ್ರಿಸ್ತಜಯಂತಿ, ನಲವತ್ತು ದಿನಗಳ ತಪಸ್ಸಿನ ಕಾಲ, ಶುಭಶುಕ್ರವಾರ, ಪುನರುತ್ಥಾನ ಎಂದು ಒಂದು ಚಕ್ರವಾಗಿ ಸುತ್ತುತ್ತದೆ.

ಗೋಪುರದ ವಿಷಯವಾಗಿ ಎರಡು ಮಾತು. ಸುಮಾರು ೧೩೦ ಅಡಿ ಎತ್ತರದ ಈ ಗೋಪುರದಲ್ಲಿ ಎಂಟು ಗಂಟೆಗಳಿವೆ. ಇಂಗ್ಲೆಂಡಿನ ಪದ್ಧತಿಯಲ್ಲಿ ಒಂದೊಂದು ಗಂಟೆಯ ಹಗ್ಗವನ್ನು ಒಬ್ಬೊಬ್ಬರು ಹಿಡಿಯುತ್ತಾರೆ. ರಾಗವನ್ನು ನುಡಿಸುವುದಿಲ್ಲ, ಗಂಟೆಗಳ ಸರದಿಯನ್ನು ಸಾಲಿನಿಂದ ಸಾಲಿಗೆ ಬದಲಿಸುತ್ತ ಹೋಗುತ್ತಾರೆ. ಎಂಟು ಗಂಟೆಗಳಿಗೆ ಸಾಧ್ಯವಿರುವ ಸರದಿಗಳು ೪೦,೩೨೦. ನಾಗವರ್ಮನ ‘ಛಂದೋಂಬುಧಿ’ಯಲ್ಲಿ ಪ್ರಸ್ತಾರವನ್ನು ಓದಿದವರಿಗೆ ಈ ಲೆಕ್ಕದ ರುಚಿ ಸುಲಭವಾಗಿ ಹತ್ತುತ್ತದೆ. ಅಲ್ಲಿ ಗುರುಲಘುಗಳ ವಿನ್ಯಾಸ, ಇಲ್ಲಿ ನಾದದ ವಿನ್ಯಾಸ. ಆದರೆ ಒಂದು ವಿಶೇಷ: ಛಂದಸ್ಸಿನ ಪ್ರಸ್ತಾರವನ್ನು ಒಬ್ಬನೇ ಕುಳಿತು ಬರೆಯಬಹುದು, ಈ ಗಂಟೆಗಳನ್ನು ಒಬ್ಬನೇ ಬಾರಿಸಲಾಗದು. ಎಂಟು ಮಂದಿಯಲ್ಲಿ ಒಬ್ಬನು ಬಾರದಿದ್ದರೂ ಸರದಿ ಕೆಡುತ್ತದೆ. ಸಭೆಯೆಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಕಂಡಿಲ್ಲ.

ಆರಾಧನೆಯ ಕೇಂದ್ರ ಪ್ರಭುಭೋಜನ. ಆಂಗ್ಲಿಕನ್ ಕ್ರಮದಲ್ಲಿ ವೇದಿಕೆಯ ಮುಂದಿನ ಕಟಕಟೆಯ ಬಳಿ ಜನರು ಸಾಲಾಗಿ ಮಂಡಿಯೂರುತ್ತಾರೆ. ರೊಟ್ಟಿಯ ತುಣುಕನ್ನು ಪಡೆದ ಮೇಲೆ ಎಲ್ಲರೂ ಒಂದೇ ಪಾತ್ರೆಯಿಂದ ದ್ರಾಕ್ಷಾರಸವನ್ನು ಕುಡಿಯುತ್ತಾರೆ. ಎಂಜಲಿನ ಕಲ್ಪನೆಯೇ ಸಮಾಜದ ಅಸ್ತಿಭಾರವಾಗಿದ್ದ ಪೇಶವೆಯರ ರಾಜಧಾನಿಯ ನಟ್ಟನಡುವೆ ಇದು ನಡೆಯಿತೆಂಬುದನ್ನು ನಾವು ಊಹಿಸಿಕೊಳ್ಳಬೇಕು. ಬ್ರಾಹ್ಮಣನಾಗಿ ಹುಟ್ಟಿದವನೂ ಊರಹೊರಗಿನ ಕೇರಿಯಿಂದ ಬಂದವನೂ ಆಂಗ್ಲ ಪಾದ್ರಿಯೂ ಒಂದೇ ಅಂಚಿಗೆ ತುಟಿಯಿಡಬೇಕು. ಧರ್ಮಾಂತರದ ಎಲ್ಲ ತತ್ತ್ವಚರ್ಚೆಗಿಂತ ಈ ಒಂದು ಕ್ಷಣವೇ ಕಠಿನವಾಗಿದ್ದಿರಬೇಕು.

೪

ಈ ವಲಯದೊಂದಿಗೆ ಕನ್ನಡನಾಡಿನ ಸಂಬಂಧ ಬೆಸೆಯುವುದು ಪಂಡಿತಾ ರಮಾಬಾಯಿಯವರ ಮೂಲಕ. ಅವರ ತಂದೆ ಅನಂತಶಾಸ್ತ್ರಿ ಡೋಂಗರೆಯವರು ಕಾರ್ಕಳ ಸೀಮೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ ಅಪರಾಧಕ್ಕಾಗಿ ಅವರು ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ತಮ್ಮ ನಡತೆಯನ್ನು ಶಾಸ್ತ್ರಪ್ರಮಾಣಗಳಿಂದ ಸಮರ್ಥಿಸಿಕೊಳ್ಳಬೇಕಾಯಿತು. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಅವರು ಆಶ್ರಮ ಕಟ್ಟಿಕೊಂಡಿದ್ದಾಗ, ೧೮೫೮ರ ಏಪ್ರಿಲ್ ೨೩ರಂದು ರಮಾಬಾಯಿ ಹುಟ್ಟಿದರು. ತೀರ್ಥಯಾತ್ರೆಗಳ ಬಡತನ, ೧೮೭೪ರ ಸುಮಾರಿಗೆ ತಂದೆತಾಯಿಗಳ ಮರಣ, ೧೮೭೮ರಲ್ಲಿ ಕಲಕತ್ತೆಯಲ್ಲಿ ‘ಪಂಡಿತೆ’, ‘ಸರಸ್ವತಿ’ ಎಂಬ ಬಿರುದುಗಳು, ವಿವಾಹ, ವೈಧವ್ಯ, ಇವನ್ನೆಲ್ಲ ಕಂಡು ೧೮೮೨ರಲ್ಲಿ ಮಗು ಮನೋರಮೆಯೊಡನೆ ಅವರು ಪುಣೆಗೆ ಬಂದರು. ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು, ‘ಸ್ತ್ರೀಧರ್ಮನೀತಿ’ಯನ್ನು ಬರೆದರು. ವಾಂಟೇಜಿನ ಸೋದರಿಯರ ಪರಿಚಯ ಆದುದು ಇಲ್ಲಿಯೇ. ಕೌಲಿ ಸಂಘದೊಡನೆ ನಿಕಟವಾಗಿದ್ದ, ನೀಲಕಂಠಶಾಸ್ತ್ರಿ ಎಂಬ ಪೂರ್ವಾಶ್ರಮದ ಹೆಸರಿನ ಫಾದರ್ ನೆಹೆಮಾಯ ಗೋರೆಯವರ ತರ್ಕವೂ ಅವರನ್ನು ತಟ್ಟಿತು. ೧೮೮೩ರಲ್ಲಿ ಇಂಗ್ಲೆಂಡಿಗೆ ಹೋಗಿ ಸೆಪ್ಟೆಂಬರ್ ೨೯ರಂದು ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು.

ಸ್ವಾಗತವೆಂಬುದರ ನಿಜವಾದ ಪರೀಕ್ಷೆ ಆಮೇಲೆ ಆರಂಭವಾಯಿತು. ಸೋದರಿಯರ ಪ್ರೀತಿ ಶಂಕಾತೀತವಾದುದು. ಆದರೆ ಆ ಪ್ರೀತಿಯಲ್ಲಿ ವಿಧೇಯತೆಯ ನಿರೀಕ್ಷೆಯೂ ಇತ್ತು. ರಮಾಬಾಯಿ ಸಸ್ಯಾಹಾರವನ್ನು ಬಿಡಲಿಲ್ಲ. ಮೊಟ್ಟೆ ಬೆರೆಸಿದ ಸಿಹಿತಿಂಡಿಯನ್ನೂ ಒಲ್ಲೆನೆಂದರು. ಚೆಲ್ಟನ್‌ಹ್ಯಾಮಿನಲ್ಲಿ ಅವರು ಪುರುಷರಿಗೆ ಪಾಠ ಹೇಳುವ ಮಾತು ಬಂದಾಗ ಭಾರತದಲ್ಲಿದ್ದ ಬಿಷಪ್ಪರು ವಿರೋಧಿಸಿದರು. ರಮಾಬಾಯಿ ಆ ವಿರೋಧವನ್ನು ಮೌನವಾಗಿ ಒಪ್ಪಲಿಲ್ಲ. ತಾವು ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ನಮ್ಮ ಸಂಸ್ಕೃತಕ್ಕಿಂತ ಲ್ಯಾಟಿನ್ನಿಗೆ ಹೆಚ್ಚಿನ ಪಾವಿತ್ರ್ಯವಿದೆಯೆ ಎಂದು ಅವರು ಪತ್ರದಲ್ಲಿ ಕೇಳಿದ ಪ್ರಶ್ನೆ, ನನ್ನ ಮಟ್ಟಿಗೆ, ಈ ಇಡೀ ಇತಿಹಾಸದ ಕೀಲಿಮಾತು. ಉಡುಪಿಯ ಸಭೆಯ ಮುಂದೆ ತಂದೆ ನಿಂತಂತೆ ಬಿಷಪ್ಪರ ಮುಂದೆ ಮಗಳು ನಿಂತರು. ತಂದೆ ಶಾಸ್ತ್ರವನ್ನು ಬಿಡದೆ ಶಾಸ್ತ್ರಿಗಳನ್ನು ಎದುರಿಸಿದರು. ಮಗಳು ಕ್ರಿಸ್ತನನ್ನು ಬಿಡದೆ ಪಾದ್ರಿಗಳನ್ನು ಎದುರಿಸಿದರು. ಬಾಗಿಲು ತೆರೆಯುವುದು ಸುಲಭ. ಒಳಗೆ ಬಂದವಳು ತನ್ನ ಮಾತಿನಲ್ಲಿ ಮಾತಾಡಿದಾಗ ಕೇಳಿಸಿಕೊಳ್ಳುವುದು ಕಷ್ಟ.

೫

ಇನ್ನು ಚಹಾದ ಪ್ರಕರಣ. ೧೮೯೦ರ ಅಕ್ಟೋಬರಿನಲ್ಲಿ ಪಂಚಹೌದ ಮಿಷನ್ನಿನಲ್ಲಿ ಒಂದು ಸಭೆ ಏರ್ಪಟ್ಟಿತು. ನಗರದ ಗಣ್ಯರು ಆಹ್ವಾನಿತರಾಗಿ ಹೋದರು. ಅವರಲ್ಲಿ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರೂ ಬಾಲ ಗಂಗಾಧರ ಟಿಳಕರೂ ಇದ್ದರು. ಭಾಷಣ ಮುಗಿದ ಮೇಲೆ ಚಹಾ ಬಿಸ್ಕತ್ತುಗಳು ಬಂದವು. ಕೆಲವರು ಕುಡಿದರು, ಕೆಲವರು ಕೊಟ್ಟವರ ಮನಸ್ಸು ನೋಯಬಾರದೆಂದು ಬಟ್ಟಲನ್ನು ಕೈಗೆ ತೆಗೆದುಕೊಂಡು ಪಕ್ಕಕ್ಕಿಟ್ಟರು. ಇದರ ಸೂತ್ರಧಾರರು ಗೋಪಾಳರಾವ್ ಜೋಶಿ. ಭಾರತದ ಮೊದಲ ವೈದ್ಯೆಯರಲ್ಲಿ ಒಬ್ಬರಾದ ಡಾ. ಆನಂದಿಬಾಯಿ ಜೋಶಿಯವರ ಪತಿ. ಬಂದವರ ಹೆಸರುಗಳನ್ನು ಅವರು ‘ಪುಣೆ ವೈಭವ’ ಪತ್ರಿಕೆಯಲ್ಲಿ ಪ್ರಕಟಿಸಿಬಿಟ್ಟರು.

ಊರು ಎದ್ದುನಿಂತಿತು. ಪ್ರಕರಣ ಶಂಕರಾಚಾರ್ಯರ ಪೀಠಕ್ಕೆ ಹೋಯಿತು. ಆ ಪೀಠ ಸಂಕೇಶ್ವರದ್ದು. ಇಂದಿನ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಊರು. ಪುಣೆಯ ಬುದ್ಧಿಜೀವಿಗಳ ಭವಿಷ್ಯ ಕನ್ನಡನೆಲದ ಒಂದು ಮಠದಲ್ಲಿ ತೂಗಿತೆಂಬುದು ನಮ್ಮ ಗಮನಕ್ಕೆ ಬರಬೇಕಾದ ಸಂಗತಿ. ವಿಚಾರಣೆ ನಡೆದು ಪ್ರಾಯಶ್ಚಿತ್ತ ವಿಧಿಸಲ್ಪಟ್ಟಿತು. ಟಿಳಕರು ತಾವು ಕಾಶಿಯಲ್ಲಿ ಪ್ರಾಯಶ್ಚಿತ್ತ ಮಾಡಿಕೊಂಡಿರುವುದಾಗಿ ತಿಳಿಸಿದರು. ಬಹಿಷ್ಕಾರದ ಬಿಸಿ ತಟ್ಟಿದುದು ಮನೆಗಳಿಗೆ: ಶ್ರಾದ್ಧಕ್ಕೆ ಪುರೋಹಿತರಿಲ್ಲ, ಮದುವೆ ಮುಂಜಿಗಳಿಗೆ ಬರುವವರಿಲ್ಲ, ತವರಿಗೆ ಹೆಣ್ಣುಮಕ್ಕಳನ್ನು ಕಳಿಸುವವರಿಲ್ಲ. ಮಿತ್ರರ ಕುಟುಂಬಗಳಿಗೆ ಒದಗಿದ ಈ ತೊಂದರೆಯನ್ನು ಕಂಡು ೧೮೯೨ರಲ್ಲಿ ರಾನಡೆಯವರು ಪ್ರಾಯಶ್ಚಿತ್ತ ಮಾಡಿಕೊಂಡರು. ಸುಧಾರಕರು ಅವರನ್ನು ಟೀಕಿಸಿದರು. ಪತ್ನಿ ರಮಾಬಾಯಿ ರಾನಡೆಯವರು ೧೯೧೦ರಲ್ಲಿ ಪ್ರಕಟಿಸಿದ ತಮ್ಮ ಸ್ಮೃತಿಗ್ರಂಥದಲ್ಲಿ ಆ ದಿನಗಳ ಸಂಕಟವನ್ನು ದಾಖಲಿಸಿದ್ದಾರೆ.

ಈ ಪ್ರಸಂಗವನ್ನು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಹೇಳುವುದುಂಟು. ಒಂದು, ಸನಾತನಿಗಳ ಹಾಸ್ಯಾಸ್ಪದ ರೋಷವೆಂದು. ಇನ್ನೊಂದು, ಸುಧಾರಕರ ಹೇಡಿತನವೆಂದು. ಎರಡೂ ಅರ್ಧಸತ್ಯಗಳು. ಅಂದು ಒಂದು ಬಟ್ಟಲು ಚಹಾದ ಬೆಲೆಯನ್ನು ತೆತ್ತವರು ಯಾರೆಂದು ಲೆಕ್ಕ ಹಾಕಬೇಕು. ಬ್ಯಾಂಕಿನ ಲೆಕ್ಕದಲ್ಲಿ ಸಾಲ ಪಡೆದವನೊಬ್ಬ, ಜಾಮೀನು ನಿಂತವನೊಬ್ಬ. ಕಂತು ತಪ್ಪಿದಾಗ ನೋಟೀಸು ಹೋಗುವುದು ಜಾಮೀನುದಾರನ ಮನೆಗೂ. ಚಹಾ ಕುಡಿದವರು ಗಂಡಸರು. ನೋಟೀಸು ಬಂದುದು ಅಡುಗೆಮನೆಯ ಹೆಂಗಸರಿಗೆ. ರಾನಡೆಯವರು ತಲೆಬಾಗಿಸಿದುದು ಮಠಕ್ಕಲ್ಲ, ಆ ಅಡುಗೆಮನೆಗಳಿಗೆ ಎಂದು ನಾನು ತಿಳಿಯುತ್ತೇನೆ. ಆದರೆ ಅದೇ ಅಡುಗೆಮನೆಗಳ ಬಾಗಿಲು ಆ ಮೂಲಕ ಇನ್ನಷ್ಟು ಭದ್ರವಾಯಿತೆಂಬುದನ್ನೂ ಅಲ್ಲಗಳೆಯುವಂತಿಲ್ಲ.

ಕಾಲದ ಒಂದು ಯೋಗಾಯೋಗವನ್ನೂ ಗಮನಿಸಬೇಕು. ಪಂಡಿತಾ ರಮಾಬಾಯಿಯವರು ೧೮೮೯ರಲ್ಲಿ ಮುಂಬಯಿಯಲ್ಲಿ ತೆರೆದ ವಿಧವೆಯರ ‘ಶಾರದಾ ಸದನ’ ಪುಣೆಗೆ ಬಂದುದು ೧೮೯೦ರ ಕೊನೆಯಲ್ಲಿಯೇ. ಅಲ್ಲಿ ಬ್ರಾಹ್ಮಣ ವಿಧವೆಯರು ತಮ್ಮ ಆಚಾರಕ್ಕೆ ತಕ್ಕಂತೆ ಅಡುಗೆ ಮಾಡಿಕೊಂಡು ಉಣ್ಣಲು ಅವಕಾಶವಿತ್ತು. ಬಟ್ಟಲಿನ ಪ್ರಶ್ನೆಯನ್ನು ಆ ತಾಯಿ ಬಲಾತ್ಕಾರದಿಂದ ಬಿಡಿಸಲು ಹೋಗಲಿಲ್ಲ. ಮುಂದೆ ಮಗಳು ಮನೋರಮಾಬಾಯಿಯವರು ಗುಲಬರ್ಗಾದಲ್ಲಿ ಶಾಲೆ ತೆರೆದುದರಿಂದ ಈ ಪರಂಪರೆ ಮತ್ತೆ ಕನ್ನಡ ಸೀಮೆಯನ್ನು ಮುಟ್ಟಿತು. ೧೯೨೧ರಲ್ಲಿ ಮಗಳು, ೧೯೨೨ರ ಏಪ್ರಿಲ್ ೫ರಂದು ತಾಯಿ ತೀರಿಕೊಂಡರು.

೬

ರಮಾಬಾಯಿಯವರು ಕೇಳಿದ ಪ್ರಶ್ನೆಗೆ ಆಂಗ್ಲಿಕನ್ ಸಭೆಯ ಒಳಗಿನಿಂದಲೇ ಒಂದು ಉತ್ತರ ಬಂದುದು ಅವರು ತೀರಿಕೊಂಡ ವರ್ಷದಲ್ಲಿ. ಅಹಮದನಗರ ಜಿಲ್ಲೆಯಲ್ಲಿ ಪಾದ್ರಿಯಾಗಿದ್ದ ಜಾಕ್ ವಿನ್ಸ್ಲೋ, ಇಂಗ್ಲಿಷ್ ಪ್ರಾರ್ಥನಾಪುಸ್ತಕವನ್ನು ಭಾರತೀಯರ ಮೇಲೆ ಹೇರುವುದು ಸಲ್ಲದೆಂದು ೧೯೨೦ರಲ್ಲಿ ತನ್ನ ಸಂಗಡಿಗರೊಡನೆ ಒಂದು ಗ್ರಂಥದಲ್ಲಿ ವಾದಿಸಿದ್ದನು. ಕೇರಳದ ಸಿರಿಯನ್ ಕ್ರೈಸ್ತರ ಪ್ರಾಚೀನ ಕ್ರಮವನ್ನು ಆಧಾರವಾಗಿಟ್ಟುಕೊಂಡು ಭಾರತಕ್ಕೊಪ್ಪುವ ಆರಾಧನಾಕ್ರಮವೊಂದನ್ನು ರಚಿಸಲಾಯಿತು. ೧೯೨೨ರಲ್ಲಿ ಆತನು ‘ಕ್ರಿಸ್ತ ಸೇವಾ ಸಂಘ’ವನ್ನು ಸ್ಥಾಪಿಸಿದನು. ಸಂಘವು ಪುಣೆಯಲ್ಲಿ ನೆಲೆಗೊಂಡ ಮೇಲೆ ಆಂಗ್ಲರೂ ಭಾರತೀಯರೂ ಖಾದಿಯುಟ್ಟು, ನೆಲದ ಮೇಲೆ ಕುಳಿತು, ಸಸ್ಯಾಹಾರವನ್ನು ಒಂದೇ ಪಂಕ್ತಿಯಲ್ಲಿ ಉಂಡು ಬಾಳಿದರು. ೧೯೨೭ರಲ್ಲಿ ಭಾರತಕ್ಕೆ ಬಂದ ವೆರಿಯರ್ ಎಲ್ವಿನ್, ಇಲ್ಲಿಂದಲೇ ಶಾಮರಾವ್ ಹಿವಾಳೆಯವರೊಡನೆ ಗೊಂಡರ ನಾಡಿಗೆ ಹೊರಟನು. ಶಿವಾಜಿನಗರದ ಆ ಆಶ್ರಮವನ್ನು ೧೯೭೦ರ ದಶಕದಲ್ಲಿ ಆಂಗ್ಲಿಕನ್ ಮತ್ತು ರೋಮನ್ ಕ್ಯಾಥೊಲಿಕ್ ಸೋದರಿಯರು ಕೂಡಿ ಪುನರುಜ್ಜೀವಿಸಿದರು. ಅವರಲ್ಲಿ ಒಬ್ಬರಾದ ಸಾರಾ ಗ್ರಾಂಟ್ ಶಂಕರರ ಅದ್ವೈತದಲ್ಲಿ ‘ಸಂಬಂಧ’ದ ಸ್ವರೂಪವನ್ನು ಕುರಿತು ಬರೆದ ವಿದುಷಿ. ಒಂದು ಶಂಕರಪೀಠ ಚಹಾಕ್ಕೆ ಪ್ರಾಯಶ್ಚಿತ್ತ ವಿಧಿಸಿದ ಊರಿನಲ್ಲಿ, ಕ್ರೈಸ್ತ ಸನ್ಯಾಸಿನಿಯೊಬ್ಬರು ಶಂಕರಭಾಷ್ಯದ ಮುಂದೆ ಶಿಷ್ಯೆಯಾಗಿ ಕುಳಿತರು. ಇತಿಹಾಸ ಕೆಲವೊಮ್ಮೆ ಹೀಗೂ ಸಾಲ ತೀರಿಸುತ್ತದೆ.

ಹಾಡಿನಲ್ಲಿಯೂ ಈ ಕೆಲಸ ನಡೆದಿತ್ತು. ನಾರಾಯಣ ವಾಮನ ಟಿಳಕರು ಬೇರೊಂದು ಮಿಷನ್ನಿನವರಾದರೂ ಅವರ ಮರಾಠಿ ಭಜನೆಗಳು ಎಲ್ಲ ಪಂಥಗಳ ಸಭೆಗಳನ್ನೂ ಹೊಕ್ಕವು. ಅಭಂಗ, ಓವಿಗಳ ಧಾಟಿಯಲ್ಲಿ ಕ್ರಿಸ್ತನು ಮರಾಠಿಗನಾದನು. ನಮ್ಮಲ್ಲಿ ಕಿಟ್ಟೆಲ್ ೧೮೬೨ರಷ್ಟು ಹಿಂದೆಯೇ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ಕನ್ನಡ ಛಂದಸ್ಸಿಗೆ ತಂದಿದ್ದನು. ಒಳಗೆ ಬಂದವನ ನುಡಿಯಲ್ಲಿ ದೇವರನ್ನು ಕರೆಯಲು ಒಪ್ಪಿದಾಗಲೇ ಸ್ವಾಗತ ಪೂರ್ಣವಾಗುತ್ತದೆಂಬುದನ್ನು ಈ ಎರಡು ಪ್ರಯತ್ನಗಳೂ ತೋರಿಸುತ್ತವೆ.

೭

೧೯೭೦ರ ನವೆಂಬರ್ ೨೯ರಂದು ನಾಗಪುರದಲ್ಲಿ ಉತ್ತರ ಭಾರತ ಸಭೆ ರೂಪುಗೊಂಡಾಗ ಪುಣೆಯ ಆಂಗ್ಲಿಕನ್ ದೇವಾಲಯಗಳು ಅದರಲ್ಲಿ ಸೇರಿದವು. ಪಂಚಹೌದದಲ್ಲಿ ಇಂದಿಗೂ ಆರಾಧನೆ ನಡೆಯುತ್ತಿದೆ.

ಕೊನೆಯಲ್ಲಿ ನನ್ನದೊಂದು ಮಾತು. ನಾನು ಬಾಲ್ಯವನ್ನು ಕಳೆದ ಧಾರವಾಡ ಸೀಮೆಯ ಹಳ್ಳಿಯ ಮನೆಯಲ್ಲಿ ಹೊರಜಗಲಿಯ ಗೂಡಿನಲ್ಲಿ ಒಂದು ಕಪ್ಪು-ಬಸಿ ಇರುತ್ತಿತ್ತು. ಹೊಲದ ಆಳು ಬಂದಾಗ ಅಜ್ಜಿ ಮೇಲಿನಿಂದ ಅದಕ್ಕೆ ಚಹಾ ಸುರಿಯುತ್ತಿದ್ದರು. ಕುಡಿದವನು ತಾನೇ ತೊಳೆದು ಗೂಡಿನಲ್ಲಿಡುತ್ತಿದ್ದನು. ಒಮ್ಮೆ ನಾನು ಆಟದಲ್ಲಿ ಆ ಕಪ್ಪನ್ನು ಒಳಗೆ ತಂದಾಗ ಅಜ್ಜಿ ಬೈಯಲಿಲ್ಲ. ಸುಮ್ಮನೆ ಅದನ್ನು ಸೆರಗಿನಿಂದ ಹಿಡಿದು ಹೊರಗಿಟ್ಟು, ನನ್ನ ಕೈ ತೊಳೆಸಿದರು. ಅವರಷ್ಟು ಮಮತೆಯ ಜೀವವನ್ನು ನಾನು ಮತ್ತೆ ಕಂಡಿಲ್ಲ. ಪಂಚಹೌದದ ಅಂಗಳದಲ್ಲಿ ಬಟ್ಟಲು ಹಿಡಿದು ನಿಂತಾಗ ನನಗೆ ನೆನಪಾದುದು ರಾನಡೆಯವರಲ್ಲ, ಆ ಗೂಡು. ಸಂಕೇಶ್ವರದ ನಿರ್ಣಯವನ್ನು ಟೀಕಿಸುವ ಹಕ್ಕು ನನಗೆ ಸುಲಭವಾಗಿ ದಕ್ಕುವಂತಹದಲ್ಲವೆಂಬ ಅರಿವೂ ಆಗಲೇ ಆಯಿತು.

ಪರಸ್ಥಳದಲ್ಲಿ ಸಂಘ ಕಟ್ಟಿಕೊಂಡಿರುವ ನಾವು ಸ್ವಾಗತ ಎಂಬ ಮಾತನ್ನು ಪ್ರತಿ ಸಮಾರಂಭದಲ್ಲಿಯೂ ಬಳಸುತ್ತೇವೆ. ಅದು ವೇದಿಕೆಯ ಮೇಲಿನವರಿಗೆ ಹೂಮಾಲೆಯಾಗಿ ಮುಗಿದುಹೋಗುತ್ತದೆ. ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ, ರಾಯಚೂರು ಕಡೆಯ ಕನ್ನಡಿಗರು ಇದೇ ಊರಿನ ತಗಡಿನ ಶೆಡ್ಡುಗಳಲ್ಲಿದ್ದಾರೆ. ಅವರಲ್ಲಿ ಎಷ್ಟು ಮಂದಿ ನಮ್ಮ ಸಭಾಂಗಣದ ಮೆಟ್ಟಿಲು ಹತ್ತಿದ್ದಾರೆ? ಹತ್ತಿದರೆ ಅವರ ಕನ್ನಡವನ್ನು ನಾವು ತಿದ್ದದೆ ಕೇಳುತ್ತೇವೆಯೆ? ಪಂಚಹೌದದ ಇತಿಹಾಸ ನಮಗೆ ಒಪ್ಪಿಸುವ ಲೆಕ್ಕ ಇದು. ಬಾಗಿಲು ತೆರೆಯಲು ಒಂದು ತಲೆಮಾರು, ಒಂದೇ ಬಟ್ಟಲಿನಿಂದ ಕುಡಿಯಲು ಇನ್ನೊಂದು, ಬಂದವರ ನುಡಿಗೆ ಕಿವಿಗೊಡಲು ಮತ್ತೊಂದು ಹಿಡಿಯಿತು. ನಮ್ಮ ಸಂಘದ ಮುಂದಿನ ವಾರ್ಷಿಕ ಸಭೆಯ ಚಹಾವನ್ನು ಆ ಶೆಡ್ಡುಗಳ ಬಳಿಯೇ ಏರ್ಪಡಿಸಬಹುದೇ ಎಂದು ಕಾರ್ಯಕಾರಿ ಸಮಿತಿಯವರನ್ನು ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತ ಈ ಲೇಖನವನ್ನು ಮುಗಿಸುತ್ತೇನೆ.